ಕಾರಾಗೃಹದಲ್ಲಿ ಕೈದಿಯ ಆತ್ಮಹತ್ಯೆ: ಹೊಣೆ ಯಾರದು?

ಸೆರೆಮನೆಯಲ್ಲಿ ಕೈದಿಯೊಬ್ಬ ಆತ್ಮಹತ್ಯೆ ಮಾಡಿಕೊಂಡರೆ ಪತ್ರಿಕೆಗಳಲ್ಲಿ ಅದು ನಾಲ್ಕು ಸಾಲಿನ ಸುದ್ದಿ. ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬಲ್ಲಿಗೆ ಕಾರಣವೂ ಮುಗಿಯುತ್ತದೆ. ಹಾಗೆ ಬರೆದು ಕೈತೊಳೆದುಕೊಂಡ ತಪ್ಪಿನಲ್ಲಿ ವರದಿಗಾರರಾದ ನಮ್ಮ ಪಾಲೂ ಇದೆ. ಆದರೆ ಕಾನೂನಿನ ಪ್ರಶ್ನೆ ಆರಂಭವಾಗುವುದೇ ಅಲ್ಲಿಂದ. ತನ್ನ ಜೀವವನ್ನು ತಾನೇ ಕಳೆದುಕೊಂಡವನ ಸಾವಿಗೆ ಕಾರಾಗೃಹ ಉತ್ತರಿಸಬೇಕೇ?

ಸಂವಿಧಾನದ 21ನೇ ವಿಧಿಯು ನೀಡಿರುವ ಜೀವಿಸುವ ಹಕ್ಕು ಜೈಲಿನ ಬಾಗಿಲಲ್ಲಿ ಕೊನೆಗೊಳ್ಳುವುದಿಲ್ಲ. ಬಂಧನದಲ್ಲಿರುವವನು ಬೇಕೆಂದಾಗ ವೈದ್ಯರ ಬಳಿ ಹೋಗಲಾರ, ಮನೆಯವರೊಡನೆ ಮಾತನಾಡಲಾರ. ಅವನ ಸುರಕ್ಷತೆಯನ್ನು ಸರ್ಕಾರವೇ ವಹಿಸಿಕೊಂಡಿರುವುದರಿಂದ ಲೋಪಕ್ಕೂ ಅದೇ ಬಾಧ್ಯಸ್ಥ.

ಈ ಸರಳ ತರ್ಕ ನ್ಯಾಯಾಲಯಗಳಲ್ಲಿ ನೆಲೆಯೂರಲು ದಶಕಗಳೇ ಬೇಕಾದವು. 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಸಾರ್ವಭೌಮ ವಿನಾಯಿತಿ’ಯ ವಾದವನ್ನು ಒಪ್ಪಿ ಸರ್ಕಾರವನ್ನು ಹೊಣೆಯಿಂದ ಮುಕ್ತಗೊಳಿಸಿತ್ತು. 1983ರಲ್ಲಿ, ಖುಲಾಸೆಯಾದ ಮೇಲೂ ಬಿಹಾರದ ಜೈಲಿನಲ್ಲಿ 14 ವರ್ಷ ಕೊಳೆತ ರುದುಲ್ ಸಾಹ್‌ಗೆ ಪರಿಹಾರ ನೀಡುವ ಮೂಲಕ ಅದೇ ನ್ಯಾಯಾಲಯ ಹೊಸ ದಾರಿ ತೆರೆಯಿತು. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಒಡಿಶಾದ ತಾಯಿಯೊಬ್ಬಳಿಗೆ 1.5 ಲಕ್ಷ ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸಾರ್ವಭೌಮ ವಿನಾಯಿತಿಯ ರಕ್ಷಣೆ ಇಲ್ಲವೆಂಬುದು ಆ ತೀರ್ಪಿನ ಸಾರ. ಆಂಧ್ರದ ಕೋಯಿಲಕುಂಟ್ಲ ಉಪಕಾರಾಗೃಹದಲ್ಲಿ 1977ರಲ್ಲಿ ಹೊರಗಿನವರ ಬಾಂಬ್ ದಾಳಿಗೆ ವಿಚಾರಣಾಧೀನ ಕೈದಿಯೊಬ್ಬ ಬಲಿಯಾದುದಕ್ಕೂ, ಕಾವಲಿನ ಲೋಪದ ಆಧಾರದಲ್ಲಿ, ಸರ್ಕಾರವೇ ಹೊಣೆಯೆಂದು 2000ರಲ್ಲಿ ತೀರ್ಪಾಯಿತು.

ಇವೆಲ್ಲ ಅನ್ಯರ ಕೃತ್ಯ ಅಥವಾ ಅಧಿಕಾರಿಗಳ ಅನ್ಯಾಯದ ಪ್ರಕರಣಗಳು. ಆತ್ಮಹತ್ಯೆಯಾದರೆ ‘ಅದು ಅವನದೇ ನಿರ್ಧಾರ’ ಎಂಬ ಪ್ರತಿವಾದ ಸಿದ್ಧವಾಗಿರುತ್ತದೆ. ಲಂಡನ್ನಿನಲ್ಲಿ 1990ರಲ್ಲಿ ಪೊಲೀಸ್ ಕೋಣೆಯೊಂದರಲ್ಲಿ ನಡೆದ ಆತ್ಮಹತ್ಯೆಯ ಮೊಕದ್ದಮೆಯಲ್ಲಿ ಪೊಲೀಸರು ಇದನ್ನೇ ವಾದಿಸಿದ್ದರು. ಬಂಧಿತನಿಂದ ಇಂತಹ ಅಪಾಯವಿದೆಯೆಂದು ಅವರಿಗೆ ಮೊದಲೇ ತಿಳಿದಿತ್ತು. ಯಾವ ಕೃತ್ಯವನ್ನು ತಡೆಯುವುದೇ ಕರ್ತವ್ಯವೋ ಅದೇ ಕೃತ್ಯವನ್ನು ಗುರಾಣಿ ಮಾಡಿಕೊಳ್ಳಲಾಗದೆಂದು 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ನಿರ್ಣಯಿಸಿತು. ಆದರೆ ಪರಿಹಾರವನ್ನು ಅರ್ಧಕ್ಕೆ ಇಳಿಸಿತು. ಅಮೆರಿಕದಲ್ಲಿ ಅಳತೆಗೋಲು ಇನ್ನೂ ಕಠಿಣ: ಅಧಿಕಾರಿ ಅಪಾಯವನ್ನು ಅರಿತೂ ಕಡೆಗಣಿಸಿದನೆಂದು ತೋರಿಸಬೇಕು.

ನಮ್ಮಲ್ಲಿ ನಿರ್ಣಾಯಕವಾದುದು 2017ರ ಸೆಪ್ಟೆಂಬರ್ 15ರ ತೀರ್ಪು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಪತ್ರದಿಂದ ಆರಂಭವಾದ, 1,382 ಕಾರಾಗೃಹಗಳ ದುಃಸ್ಥಿತಿಯ ಪ್ರಕರಣವದು. 2012ರಿಂದ 2015ರ ನಡುವೆ ಅಸಹಜವಾಗಿ ಸತ್ತ ಕೈದಿಗಳ ವಾರಸುದಾರರನ್ನು ಗುರುತಿಸಿ ಸೂಕ್ತ ಪರಿಹಾರ ನೀಡಲು ಸ್ವಯಂಪ್ರೇರಿತ ಅರ್ಜಿ ದಾಖಲಿಸಿಕೊಳ್ಳುವಂತೆ ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಪೀಠ ಹೈಕೋರ್ಟುಗಳನ್ನು ಕೋರಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ ಆತ್ಮಹತ್ಯೆಯೂ ಅಸಹಜ ಸಾವೇ. ಮೊದಲ ಬಾರಿಗೆ ಜೈಲು ಸೇರಿದವರಿಗೆ ಆಪ್ತಸಲಹೆ ಒದಗಿಸಬೇಕೆಂದೂ ಪೀಠ ಹೇಳಿತು.

ಹಾಗೆಂದು ಪರಿಹಾರ ತಾನಾಗಿ ಕೈಸೇರುವುದಿಲ್ಲ. ಸಂಗತಿಗಳೇ ವಿವಾದದಲ್ಲಿದ್ದರೆ, ಸ್ಪಷ್ಟ ಸಾಕ್ಷ್ಯವಿಲ್ಲದಿದ್ದರೆ ರಿಟ್ ಅರ್ಜಿಯಲ್ಲಿ ಪರಿಹಾರ ದೊರೆಯುವುದು ಕಷ್ಟ. ಸಿವಿಲ್ ದಾವೆಯ ದಾರಿಯೇ ಉಳಿಯುತ್ತದೆ. ದಾಖಲೆಗಳೆಲ್ಲ ಇರುವುದು ಜೈಲಿನ ಕೈಯಲ್ಲಿ, ಸಾಬೀತುಪಡಿಸಬೇಕಾದವರು ಹೊರಗಿರುವ ಕುಟುಂಬದವರು ಎಂಬುದೇ ಇಲ್ಲಿನ ವಿಪರ್ಯಾಸ.

ಆದ್ದರಿಂದಲೇ ವಿಚಾರಣೆಯ ಹಂತ ಮಹತ್ವದ್ದು. ಕಸ್ಟಡಿ ಸಾವಿನಲ್ಲಿ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 176ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮಿನಲ್ಲಿದೆ. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ವರದಿ ಸಲ್ಲಬೇಕು. ಮಾನಸಿಕ ಚಿಕಿತ್ಸೆಯಲ್ಲಿದ್ದ ಕೈದಿಯಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮು ನೆರವಿಗೆ ಬರುತ್ತದೆ. ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕೆಂದು ಅದು ವಿಧಿಸುತ್ತದೆ.

ಕಾರಾಗೃಹ ರಾಜ್ಯಪಟ್ಟಿಯ ವಿಷಯವಾದುದರಿಂದ ಕರ್ನಾಟಕದ ಜೈಲುಗಳಲ್ಲಿನ ಇಂತಹ ಸಾವಿಗೆ ಪರಿಹಾರ ತೆರಬೇಕಾದುದು ರಾಜ್ಯ ಸರ್ಕಾರ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ನೀಡುವವರು ಘಟನೆ ನಡೆದ ಒಂದು ವರ್ಷದೊಳಗೆ ನೀಡಬೇಕು.