ಲಂಡನ್ನಿನ ಬಸ್ಸುಚಾಲಕರೂ ಅವರ ಅಹವಾಲುಗಳೂ

ಮಹಾಭಾರತದ ದ್ರೋಣಪರ್ವದಲ್ಲಿ ಒಂದು ಪ್ರಸಂಗವಿದೆ. ಸೂರ್ಯಾಸ್ತದೊಳಗಾಗಿ ಜಯದ್ರಥನನ್ನು ವಧಿಸುವೆನೆಂದು ಪ್ರತಿಜ್ಞೆಗೈದಿದ್ದ ಅರ್ಜುನನು, ಕುದುರೆಗಳು ಬಾಣಗಳಿಂದ ನೊಂದು ಬಳಲಿರುವುದನ್ನು ಕಂಡು, ಮುಂದೇನು ಮಾಡತಕ್ಕದ್ದೆಂದು ಸಾರಥಿಯಾದ ಕೃಷ್ಣನನ್ನು ಕೇಳಿದನು. ಕುದುರೆಗಳಿಗೆ ನೀರು ಬೇಕೆಂದು ಕೃಷ್ಣನು ಹೇಳಲು, ರಣಮಧ್ಯದಲ್ಲಿಯೇ ರಥವು ನಿಂತಿತು. ಅರ್ಜುನನು ಬಾಣದಿಂದ ನೆಲವನ್ನು ಭೇದಿಸಿ ಜಲಾಶಯವನ್ನುಂಟುಮಾಡಿದನು. ಕಾಲವು ಅಷ್ಟು ಅಮೂಲ್ಯವಾಗಿದ್ದ ದಿನದಲ್ಲಿಯೂ ರಥಿಯು ಸಾರಥಿಯ ಮಾತಿಗೆ ಬಿಡುವು ಮಾಡಿಕೊಂಡನೆಂಬುದು ಗಮನಾರ್ಹವಾದುದು. ಕುದುರೆಯ ಸ್ಥಾನಕ್ಕೆ ಯಂತ್ರವು ಬಂದ ಬಳಿಕ ಬಳಲುವವನು ಸಾರಥಿಯೊಬ್ಬನೇ ಆದನು. ಅವನ ಅಹವಾಲನ್ನು ಆಳುವವರು ಹೇಗೆ ಕೇಳಿದರು, ಎಷ್ಟು ಬೇಗ ಕೇಳಿದರು ಎಂಬುದಕ್ಕೆ ಲಂಡನ್ ಮಹಾನಗರದ ಬಸ್ಸುಗಳ ಚರಿತ್ರೆಯು ಒಂದು ನಿದರ್ಶನವಾಗಿದೆ.

೧೯೩೩ನೆಯ ಇಸವಿ ಜುಲೈ ೧ರಂದು ಲಂಡನ್ ಪ್ರಯಾಣಿಕ ಸಾರಿಗೆ ಮಂಡಲಿಯು ಕಾರ್ಯಾರಂಭ ಮಾಡಿತು. ಬೇರೆ ಬೇರೆ ಕೈಗಳಲ್ಲಿದ್ದ ಬಸ್ಸು, ಟ್ರ್ಯಾಮು, ಸುರಂಗ ರೈಲುಗಳು ಒಂದೇ ಆಡಳಿತಕ್ಕೆ ಒಳಪಟ್ಟವು. ಆಷ್‌ಫೀಲ್ಡ್ ಪ್ರಭುಗಳು ಅದರ ಅಧ್ಯಕ್ಷರು. ಫ್ರಾಂಕ್ ಪಿಕ್ಕರು ಉಪಾಧ್ಯಕ್ಷರು. ನಿಲ್ದಾಣಗಳ ರಚನಾಸೌಂದರ್ಯಕ್ಕೂ ನಕ್ಷೆಗಳ ಸ್ಪಷ್ಟತೆಗೂ ಮಂಡಲಿಯು ದೇಶಾಂತರಗಳಲ್ಲಿ ಕೀರ್ತಿಯನ್ನು ಪಡೆಯಿತು. ಆದರೆ ಚಾಲಕನ ಪೀಠದಿಂದ ಕಾಣುತ್ತಿದ್ದ ನೋಟವು ಬೇರೆಯಾಗಿದ್ದಿತು. ಬಸ್ಸುಗಳು ದೊಡ್ಡವಾದವು, ವೇಗವು ಹೆಚ್ಚಿತು, ಬೀದಿಗಳಲ್ಲಿ ವಾಹನಗಳ ಸಂದಣಿಯು ಬೆಳೆಯಿತು; ವೇಳಾಪಟ್ಟಿಯು ಮಾತ್ರ ಬಿಗಿಯಾಗುತ್ತಲೇ ಹೋಯಿತು. ಒಂದು ದಿನ ನಸುಕಿನಲ್ಲಿ, ಇನ್ನೊಂದು ದಿನ ಅಪರಾಹ್ಣದಲ್ಲಿ ಕೆಲಸ. ಊಟಕ್ಕೆ ನಿಯತವಾದ ಹೊತ್ತಿಲ್ಲ. ಹೊಟ್ಟೆಯ ಬೇನೆಯೂ ನರಗಳ ಬಳಲಿಕೆಯೂ ತಮ್ಮನ್ನು ಕಾಡುತ್ತಿವೆಯೆಂದು ಬಸ್ಸಿನ ನೌಕರರು ದೂರತೊಡಗಿದರು. ದಿನದ ದುಡಿಮೆಯನ್ನು ಎಂಟು ಘಂಟೆಗಳಿಂದ ಏಳೂವರೆ ಘಂಟೆಗಳಿಗೆ ಇಳಿಸಬೇಕೆಂಬುದು ಅವರ ಬೇಡಿಕೆಯಾಗಿದ್ದಿತು.

ಮಂಡಲಿಯು ಇದಕ್ಕೆ ಒಪ್ಪದಿರಲು, ೧೯೩೭ನೆಯ ಇಸವಿ ಮೇ ತಿಂಗಳ ಮೊದಲನೆಯ ದಿನ ಸುಮಾರು ೨೬,೦೦೦ ಮಂದಿ ಚಾಲಕರೂ ಕಂಡಕ್ಟರುಗಳೂ ಮುಷ್ಕರ ಹೂಡಿದರು. ಅದೇ ತಿಂಗಳ ೧೨ರಂದು ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ. ಉತ್ಸವಕ್ಕೆಂದು ನೆರೆದ ನಗರದ ಬೀದಿಗಳಲ್ಲಿ ಕೆಂಪು ಬಸ್ಸುಗಳು ಇಲ್ಲವಾದವು. ಸರಕಾರವು ನೇಮಿಸಿದ ವಿಚಾರಣಾ ಸಭೆಯು ಎರಡು ಪಕ್ಷಗಳ ವಾದವನ್ನೂ ಕೇಳಿ, ನೌಕರರ ಆರೋಗ್ಯದ ವಿಷಯವು ಪರಿಶೋಧನೆಗೆ ಅರ್ಹವೆಂದು ಅಭಿಪ್ರಾಯಪಟ್ಟಿತು. ಆದರೆ ಟ್ರ್ಯಾಮು ನೌಕರರು ಮುಷ್ಕರಕ್ಕೆ ಸೇರಲಿಲ್ಲ. ಅರ್ನೆಸ್ಟ್ ಬೆವಿನ್ನರ ನಾಯಕತ್ವದ ಕಾರ್ಮಿಕ ಸಂಘವೇ ನಾಲ್ಕು ವಾರಗಳಾದ ಮೇಲೆ ಮುಷ್ಕರವನ್ನು ನಿಲ್ಲಿಸಿತು. ಅದನ್ನು ಮುಂದೆ ನಿಂತು ನಡೆಸಿದ ಕೆಲವರನ್ನು ಸಂಘದಿಂದ ಹೊರಹಾಕಿತು. ಏಳೂವರೆ ಘಂಟೆಗಳ ದುಡಿಮೆಯು ದೊರೆಯಲಿಲ್ಲ. ದೇಹದ ಪ್ರಶ್ನೆಯಾಗಿ ಮೊದಲಾದುದು ಶಿಸ್ತಿನ ಪ್ರಶ್ನೆಯಾಗಿ ಕೊನೆಗೊಂಡಿತು.

ಇಷ್ಟಾದರೂ ಆ ಪ್ರಶ್ನೆಯು ಅಳಿಯಲಿಲ್ಲ. ಅದೇ ವರ್ಷ ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಲಂಡನ್ ಸಾರಿಗೆ ನೌಕರರ ಕಾಯಿಲೆಯ ರಜೆಗಳನ್ನು, ವಿಶೇಷವಾಗಿ ಜೀರ್ಣಾಂಗದ ತೊಂದರೆಗಳನ್ನು, ಪರಿಶೀಲಿಸಿ ವರದಿಯನ್ನು ಪ್ರಕಟಿಸಿದರು. ಮುಂದೆ ವೈದ್ಯರಾದ ಜೆರಿ ಮಾರಿಸರು ತಮ್ಮ ಸಂಗಡಿಗರೊಡನೆ ಸುಮಾರು ೩೧,೦೦೦ ಮಂದಿ ಸಾರಿಗೆ ನೌಕರರ ಆರೋಗ್ಯವನ್ನು ಶೋಧಿಸಿ ೧೯೫೩ರಲ್ಲಿ ಪ್ರಕಟಿಸಿದ ಪ್ರಬಂಧವು ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಎರಡಂತಸ್ತಿನ ಒಂದೇ ಬಸ್ಸಿನಲ್ಲಿ ದುಡಿಯುವ ಇಬ್ಬರಲ್ಲಿ, ದಿನಕ್ಕೆ ಐನೂರಕ್ಕೂ ಮಿಗಿಲಾಗಿ ಮೆಟ್ಟಿಲುಗಳನ್ನು ಹತ್ತುವ ಕಂಡಕ್ಟರನಿಗಿಂತ ಕುಳಿತೇ ಇರುವ ಚಾಲಕನಿಗೆ ಹೃದಯದ ರಕ್ತನಾಳಗಳ ರೋಗವು ಹೆಚ್ಚೆಂದೂ, ಅದರಿಂದ ಬೇಗನೆ ಮರಣ ಹೊಂದುವುದೂ ಹೆಚ್ಚೆಂದೂ ಅದರಿಂದ ತಿಳಿದುಬಂದಿತು. ಸಾರಿಗೆ ಸಂಸ್ಥೆಯ ವೈದ್ಯಾಧಿಕಾರಿಗಳೇ ಈ ಶೋಧನೆಯಲ್ಲಿ ಪಾಲುಗೊಂಡಿದ್ದರೆಂಬುದು ಅದಕ್ಕೆ ಭೂಷಣ. ೧೯೫೬ರಲ್ಲಿ ಸಮವಸ್ತ್ರಗಳ ಅಳತೆಯ ಲೆಕ್ಕಗಳನ್ನು ನೋಡಿದಾಗ, ಚಾಲಕರ ಸೊಂಟದ ಸುತ್ತಳತೆಯು ಸೇವೆಗೆ ಸೇರುವಾಗಲೇ ಹೆಚ್ಚಾಗಿದ್ದುದು ಕಂಡುಬಂದಿತು. ಆದಕಾರಣ ದೋಷವೆಲ್ಲವೂ ಪೀಠದ್ದೇ ಎಂದು ನಿಶ್ಚಯಿಸುವುದು ಸುಲಭವಲ್ಲ. ಚಾಲಕರು ಹೊಟ್ಟೆಯನ್ನು ಕುರಿತು ದೂರಿದರು; ವೈದ್ಯರು ಹೃದಯದಲ್ಲಿ ರೋಗವನ್ನು ಕಂಡರು. ದೂರು ರೋಗನಿರ್ಣಯವಲ್ಲ. ಆದರೆ ಎಲ್ಲಿ ಶೋಧಿಸತಕ್ಕದ್ದೆಂಬುದನ್ನು ಅದು ತೋರಿಸಿಕೊಡುತ್ತದೆ.

ಕಾಲಾಂತರದಲ್ಲಿ ಆಡಳಿತದ ಸ್ವರೂಪವು ಬದಲಾಯಿತು. ೧೯೯೪ರಲ್ಲಿ ಬಸ್ಸುಗಳನ್ನು ನಡೆಸುವ ಕಾರ್ಯವು ಖಾಸಗಿ ಕಂಪೆನಿಗಳ ಪಾಲಾಯಿತು. ೨೦೦೦ದಲ್ಲಿ ‘ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್’ ಎಂಬ ಸಂಸ್ಥೆಯು ಹುಟ್ಟಿತು. ಮಾರ್ಗವನ್ನು ಗೊತ್ತುಮಾಡುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಹೀಗಿರುವಲ್ಲಿ ಚಾಲಕನು ಯಾವ ಬಾಗಿಲನ್ನು ತಟ್ಟಬೇಕು? ದೂರು ಹೇಳಿದವನೇ ತಪ್ಪಿತಸ್ಥನೆನಿಸಿಕೊಳ್ಳುವ ಭಯವೂ ಇಲ್ಲದಿಲ್ಲ. ಹೇಳಿದವನ ಹೆಸರು ಯಜಮಾನರಿಗೆ ತಿಳಿಯದಂತೆ ಅಪಾಯಗಳನ್ನು ನಿವೇದಿಸುವ ‘ಸಿರಾಸ್’ ಎಂಬ ವ್ಯವಸ್ಥೆಯು ೧೯೯೬ರಲ್ಲಿ ಸ್ಕಾಟ್ಲೆಂಡಿನ ರೈಲ್ವೆಗಳಲ್ಲಿ ಆರಂಭವಾಗಿದ್ದಿತು. ಲಂಡನ್ನಿನ ಬಸ್ಸುಚಾಲಕರಿಗೆ ಅದರ ಪ್ರಯೋಜನವು ದೊರೆತುದು ೨೦೧೬ರಲ್ಲಿ. ೨೦೧೯ರಲ್ಲಿ ಲಫ್‌ಬರೊ ವಿಶ್ವವಿದ್ಯಾನಿಲಯದ ಪಂಡಿತರು ಸಂಸ್ಥೆಯ ಅಪೇಕ್ಷೆಯ ಮೇರೆಗೆ ಚಾಲಕರ ಬಳಲಿಕೆಯನ್ನು ವಿಚಾರಿಸಿದರು. ಉತ್ತರ ಕೊಟ್ಟವರಲ್ಲಿ ನೂರಕ್ಕೆ ೨೧ ಮಂದಿ ವಾರಕ್ಕೆ ಎರಡು ಮೂರು ಬಾರಿಯಾದರೂ ನಿದ್ರೆಯೊಡನೆ ಹೋರಾಡುತ್ತಿದ್ದರು. ನೂರಕ್ಕೆ ೧೭ ಮಂದಿ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಒಮ್ಮೆಯಾದರೂ ಬಸ್ಸು ನಡೆಸುತ್ತಿದ್ದಾಗಲೇ ನಿದ್ರೆಹೋಗಿದ್ದರು. ಇದು ಚಾಲಕನೊಬ್ಬನ ಕಷ್ಟವಲ್ಲ; ಅವನ ಬೆನ್ನ ಹಿಂದೆ ಕುಳಿತವರೆಲ್ಲರ ಪ್ರಾಣದ ಪ್ರಶ್ನೆ.

ಮರುವರ್ಷವೇ ಕೋವಿಡ್ ಮಹಾಮಾರಿಯು ಬಂದಿತು. ಪ್ರಯಾಣಿಕರು ಮುಂಬಾಗಿಲಿನಿಂದ ಹತ್ತಿ ಚಾಲಕನ ಮಗ್ಗುಲಲ್ಲಿಯೇ ಹಾದುಹೋಗುತ್ತಿದ್ದರು. ಮಧ್ಯದ ಬಾಗಿಲಿನಿಂದ ಹತ್ತುವ ಏರ್ಪಾಡು ಜಾರಿಗೆ ಬಂದುದು ೨೦೨೦ನೆಯ ಇಸವಿ ಏಪ್ರಿಲ್ ೨೦ರಂದು. ಅಷ್ಟರೊಳಗೆ ಅನೇಕ ಚಾಲಕರು ತೀರಿಕೊಂಡಿದ್ದರು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ವಿದ್ವಾಂಸರು ೨೭ ಮಂದಿ ಚಾಲಕರ ಮರಣಗಳನ್ನು ಪರಿಶೀಲಿಸಿ, ದೇಶದಲ್ಲಿ ನಿರ್ಬಂಧವು ಇನ್ನೂ ಮೊದಲೇ ಬಂದಿದ್ದರೆ ಜೀವಗಳು ಉಳಿಯುತ್ತಿದ್ದುವೆಂದು ಅಭಿಪ್ರಾಯಪಟ್ಟರು. ಇಲ್ಲಿಯೂ ಕಳೆದುಹೋದುದು ಕಾಲವೇ.

ಈ ಚರಿತ್ರೆಯಲ್ಲಿ ಆಡಳಿತದವರು ದುಷ್ಟರೆಂದು ಹೇಳುವುದಕ್ಕೆ ಆಧಾರವಿಲ್ಲ. ಲಕ್ಷಾಂತರ ಜನರನ್ನು ಹೊತ್ತಿಗೆ ಸರಿಯಾಗಿ ತಲಪಿಸುವ ಭಾರವು ಅವರ ಮೇಲಿದ್ದಿತು. ಅವರು ವೈದ್ಯರಿಗೆ ಲೆಕ್ಕಪುಸ್ತಕಗಳನ್ನು ತೆರೆದುಕೊಟ್ಟರು, ಪಂಡಿತರಿಂದ ವಿಚಾರಣೆಯನ್ನೂ ಮಾಡಿಸಿದರು. ಆದರೆ ಪ್ರಮಾಣವು ಸಿದ್ಧವಾಗುವವರೆಗೆ ಕಾಯುವ ವೆಚ್ಚವನ್ನು ಪ್ರತಿಸಲವೂ ತೆತ್ತವನು ಚಾಲಕನು. ಅವನು ಹೇಳಿದುದೆಲ್ಲವನ್ನೂ ಒಪ್ಪಬೇಕಾದುದಿಲ್ಲ. ಹೇಳಿದ ದಿನವೇ ಪರಿಶೋಧನೆಗೆ ತೊಡಗಬೇಕು; ಹೇಳಿದವನಿಗೆ ಅದರಿಂದ ಹಾನಿಯಾಗಬಾರದು. ಸಾರಿಗೆ ಸಂಸ್ಥೆಗಳನ್ನು ನಡೆಸುವ ಎಲ್ಲ ದೇಶದವರೂ ಲಂಡನ್ನಿನಿಂದ ಕಲಿಯತಕ್ಕ ಪಾಠವು ಇಷ್ಟೇ.