ಟೇಲರ್ ಮಂಜಿಲ್: ಸುರಪುರದಲ್ಲಿ ಮನೆ ಮಾಡಿದ ಪರದೇಶಿ

ಯಾದಗಿರಿ ಜಿಲ್ಲೆಯ ಸುರಪುರ ಗುಡ್ಡಗಳ ನಡುವಿನ ಊರು. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಲ್ಲುಗಳು. ಬೇಸಿಗೆಯಲ್ಲಿ ಈ ಕಲ್ಲುಗಳೆಲ್ಲ ಕಾದ ಹಂಚಿನಂತಾಗುತ್ತವೆ. ಇಲ್ಲಿಯ ಒಂದು ಗುಡ್ಡದ ಮೇಲೆ ಹಳೆಯ ಬಂಗಲೆಯೊಂದಿದೆ. ಊರವರು ಅದನ್ನು 'ಟೇಲರ್ ಮಂಜಿಲ್' ಎಂದು ಕರೆಯುತ್ತಾರೆ. ಸುಮಾರು ನೂರಾ ಎಂಬತ್ತು ವರ್ಷಗಳ ಹಿಂದೆ ಒಬ್ಬ ಇಂಗ್ಲಿಷ್ ಅಧಿಕಾರಿ ತಾನೇ ನಿಂತು ಕಟ್ಟಿಸಿದ ಮನೆ ಇದು.

ಆತನ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಹದಿನಾರು ತುಂಬುವ ಹೊತ್ತಿಗೆ, 1824ರಲ್ಲಿ, ವರ್ತಕನೊಬ್ಬನ ಕೈಕೆಳಗೆ ದುಡಿಯಲೆಂದು ಮುಂಬಯಿಗೆ ಬಂದಿಳಿದ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬನ ಶಿಫಾರಸಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ನೌಕರಿ ಸಿಕ್ಕಿತು.

ಆ ಕಾಲದಲ್ಲಿ ಭಾರತಕ್ಕೆ ಬಂದ ಆಂಗ್ಲರ ಬದುಕು ಬಹುಮಟ್ಟಿಗೆ ದಂಡುಪ್ರದೇಶಗಳ ಒಳಗೇ ನಡೆಯುತ್ತಿತ್ತು. ಅಲ್ಲಿ ಅವರದೇ ಬಜಾರು, ಅವರದೇ ಇಗರ್ಜಿ, ಅವರದೇ ವೈದ್ಯ. ಅಡುಗೆಯವನಿಗೂ ಕುದುರೆಯ ಆಳಿಗೂ ಆಜ್ಞೆ ಕೊಡುವಷ್ಟು ಹಿಂದುಸ್ತಾನಿ ಬಂದರೆ ಸಾಕಾಗಿತ್ತು. ಟೇಲರ್‌ಗೆ ಅಷ್ಟು ಸಾಕೆನಿಸಲಿಲ್ಲ. ಆತ ಈ ನೆಲದ ಭಾಷೆಗಳನ್ನು ಕಲಿತ. ಕಾನೂನು, ಭೂಮಾಪನ, ಕಟ್ಟಡ ವಿದ್ಯೆಗಳನ್ನು ಗುರುವಿಲ್ಲದೆ ಕಲಿತ. ಮದುವೆಯಾದದ್ದು ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಈ ಪಾಮರ್‌ನ ತಂದೆ ಆಂಗ್ಲ ಸೇನಾಧಿಕಾರಿ, ತಾಯಿ ಭಾರತೀಯ ಮುಸ್ಲಿಂ ಮಹಿಳೆ. ಹೀಗಾಗಿ ಬೀಗತನವೂ ಆತನಿಗೆ ಈ ದೇಶದ ಕಡೆಗೆ ಒಂದು ಬಾಗಿಲು ತೆರೆಯಿತು.

ಹಾಗೆಂದು ಇಲ್ಲಿಯ ಹವೆ ಆತನಿಗೆ ಸುಲಭವಾಗಿ ಒಗ್ಗಲಿಲ್ಲ. ಜ್ವರ ಮತ್ತೆ ಮತ್ತೆ ಕಾಡಿತು. ಆರೋಗ್ಯ ಕೆಟ್ಟು 1837ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೋದ. ಅಲ್ಲಿದ್ದಾಗಲೇ, 1839ರಲ್ಲಿ, ಠಕ್ಕರನ್ನು ಕುರಿತ ಆತನ ಕಾದಂಬರಿ ಪ್ರಕಟವಾಗಿ ದೊಡ್ಡ ಹೆಸರು ತಂದಿತು. ಆದರೂ ಆತ ಹಿಂದಿರುಗಿದ.

1842ರಲ್ಲಿ ಸುರಪುರಕ್ಕೆ ಬಂದಾಗ ಸಂಸ್ಥಾನ ಇಕ್ಕಟ್ಟಿನಲ್ಲಿತ್ತು. 1705ರಲ್ಲಿ ವಾಗಣಗೇರಿಯ ಕೋಟೆಯಲ್ಲಿ ಔರಂಗಜೇಬನ ಮಹಾಸೈನ್ಯವನ್ನೇ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ಬೇಡ ನಾಯಕರ ಮನೆತನ ಇದು. ಈಗ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಕಪ್ಪದ ಬಾಕಿ, ಸಾಲದ ಹೊರೆ, ರಾಣಿ ಈಶ್ವರಮ್ಮ ಮತ್ತು ಆಡಳಿತ ವಹಿಸಿಕೊಂಡ ಪಿಡ್ಡನಾಯಕನ ನಡುವಿನ ತಕರಾರು, ಇವೆಲ್ಲದರ ನಡುವೆ ಆಡಳಿತದ ಹೊಣೆ ಟೇಲರ್ ಮೇಲೆ ಬಿತ್ತು.

ಎರಡು ವರ್ಷಗಳಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ಸಮುದ್ರದಾಚೆ ಬೆಳೆಯುತ್ತಿದ್ದರು. ಗುಡ್ಡದ ಮೇಲಿನ ಮನೆಯಲ್ಲಿ ಟೇಲರ್ ಒಂಟಿಯಾದ. ಒಂಟಿತನಕ್ಕೆ ಆತ ಕಂಡುಕೊಂಡ ಮದ್ದು ಕೆಲಸ. ಪಾಮನಾಯಕನ ಕಾಲದ್ದೆಂದು ಹೇಳುವ ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದ. ಇಂದು ಆ ಕೆರೆ ಪಕ್ಷಿಧಾಮವೆಂದು ಹೆಸರಾಗಿದೆ. ರಸ್ತೆ ಮಾಡಿಸಿದ, ಹೊಲಗಳನ್ನು ಅಳೆಸಿದ, ಬಿಡುವಿದ್ದಾಗ ಚಿತ್ರ ಬರೆದ.

ಸುರಪುರ, ಶಹಾಪುರ, ಜೇವರ್ಗಿಯ ಬಯಲಿನಲ್ಲಿ ಬಿದ್ದಿದ್ದ ಹಳೆಯ ಕಲ್ಲುಗಳು ಆತನ ಕಣ್ಣಿಗೆ ಬಿದ್ದದ್ದೂ ಈ ಅವಧಿಯಲ್ಲೇ. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳಿದ್ದವು. ಜನ ಅವನ್ನು 'ಮೋರ್ಯರ ಮನೆ' ಎನ್ನುತ್ತಿದ್ದರು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಜೋಡಿಸಿಡಲಾಗಿತ್ತು. ಟೇಲರ್ ಸಮಾಧಿಗಳನ್ನು ಅಗೆಸಿ, ಅಳತೆ ತೆಗೆದು, ನಕ್ಷೆ ಬರೆದು, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ತನ್ನ ನಾಡಿನ ಪ್ರಾಚೀನ ಸಮಾಧಿಗಳಿಗೂ ಇವಕ್ಕೂ ಇರುವ ಹೋಲಿಕೆ ಕಂಡು ಬೆರಗಾದ. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದಲ್ಲಿ ಇಂದಿಗೂ ಆತನ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಆತನ ಮನಸ್ಸು ತುಂಬಿದ್ದು ಬಾಲಕ ವೆಂಕಟಪ್ಪ ನಾಯಕ. ಅವನ ಓದುಬರಹವನ್ನು ಟೇಲರ್ ತಾನೇ ನೋಡಿಕೊಂಡ. ಹುಡುಗ ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ಹೊರಟುಹೋದ.

ಐದೇ ವರ್ಷಗಳಲ್ಲಿ ಎಲ್ಲವೂ ತಲೆಕೆಳಗಾಯಿತು. 1857ರ ದಂಗೆಯ ಕಾವು ಸುರಪುರಕ್ಕೂ ತಟ್ಟಿತು. 1858ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೈನ್ಯ ಊರಿನ ಮುಂದೆ ಬಂದು ನಿಂತಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ವೆಂಕಟಪ್ಪ ನಾಯಕನನ್ನು ಅಲ್ಲಿ ಸೆರೆಹಿಡಿದರು. ಸೆರೆಯಲ್ಲಿ ಆತನನ್ನು ಕಾಣಲು ಟೇಲರ್ ಹೋದ. ಸಾಕಿದವನೂ ಬೆಳೆದವನೂ ಈಗ ಎದುರುಬದುರು ಪಕ್ಷದವರು. ಮರಣದಂಡನೆ ಕಡಿಮೆಯಾಗಿ ಕೆಲವು ವರ್ಷಗಳ ಸೆರೆವಾಸಕ್ಕಿಳಿದಿತ್ತು. ಆದರೆ ಸೆರೆಯ ಊರಿಗೆ ಒಯ್ಯುವ ದಾರಿಯಲ್ಲೇ ಯುವಕ ದೊರೆ ಗುಂಡಿಗೆ ಬಲಿಯಾದ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಬ್ರಿಟಿಷರ ದಾಖಲೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಗಂಡಾಂತರವಿದೆಯೆಂದು ಅವನ ಜಾತಕ ಹೇಳಿತ್ತೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುರಪುರದ ಜನರಿಗಂತೂ ವೆಂಕಟಪ್ಪ ನಾಯಕ ಹುತಾತ್ಮ.

ಅದೇ ವರ್ಷ ಟೇಲರ್ ಮತ್ತೆ ಸುರಪುರದ ಅಧಿಕಾರಿಯಾಗಿ ಬಂದ. ಗುಡ್ಡ ಅದೇ, ಮನೆ ಅದೇ. 'ಅಪ್ಪಾ' ಎನ್ನುವ ಹುಡುಗನಿರಲಿಲ್ಲ. 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಕೊಡಲಾಯಿತು. ಟೇಲರ್ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ. ಮುಪ್ಪಿನಲ್ಲಿ ಕೊನೆಯ ಬಾರಿ ಹೈದರಾಬಾದಿಗೆ ಬಂದು ಹಿಂದಿರುಗುವಾಗ, 1876ರಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ.

ಬಿಸಿಲಿಗೆ, ಜ್ವರಕ್ಕೆ, ಭಾಷೆಗೆ, ಒಂಟಿತನಕ್ಕೆ ಮನುಷ್ಯ ಒಗ್ಗಿಕೊಳ್ಳಬಲ್ಲ ಎಂಬುದಕ್ಕೆ ಟೇಲರ್ ಸಾಕ್ಷಿ. ಆದರೆ ಆತ ಇಲ್ಲಿಗೆ ಬಂದದ್ದು ಅತಿಥಿಯಾಗಿ ಅಲ್ಲ, ಅಧಿಕಾರಿಯಾಗಿ. ಊರಿನ ಪ್ರೀತಿಯನ್ನು ಗಳಿಸಿದರೂ ಆ ಅಧಿಕಾರದ ಅಂಗಿಯನ್ನು ಆತ ಕಳಚಲಾಗಲಿಲ್ಲ. ಟೇಲರ್ ಮಂಜಿಲ್‌ಗೆ ಹೋದವರು ಮನೆ ಕಟ್ಟಿಸಿದವನ ಜೊತೆಗೆ ಅಲ್ಲಿ ಪಾಠ ಕಲಿತ ಹುಡುಗನನ್ನೂ ನೆನೆಯಬೇಕು.