ಅಂಚಿನ ಅಂಕಿಯಿಂದ ಫೈಲಿನ ವಿಳಾಸದವರೆಗೆ

ಸಂಕಲನದ ಕೋಣೆಯಲ್ಲಿ ಎರಡು ವಸ್ತುಗಳಿರುತ್ತವೆ. ಒಂದು, ಕ್ಯಾಮೆರಾ ಸೆರೆಹಿಡಿದು ಕೊಟ್ಟ ದೃಶ್ಯ. ಇನ್ನೊಂದು, ಯಾವ ದೃಶ್ಯವನ್ನು ಎಲ್ಲಿಂದ ಎಲ್ಲಿಯವರೆಗೆ ಇಟ್ಟುಕೊಂಡು ಯಾವುದರ ಪಕ್ಕ ಜೋಡಿಸಬೇಕೆಂಬ ಲೆಕ್ಕ. ಇಂದಿನ ಕಂಪ್ಯೂಟರಿನಲ್ಲಿ ಈ ಲೆಕ್ಕಕ್ಕೆ ಪ್ರಾಜೆಕ್ಟ್ ಫೈಲ್ ಎಂದು ಹೆಸರು. ಸಾಮಾನ್ಯವಾಗಿ ಅದು ಈಮೇಲಿನಲ್ಲಿ ಕಳಿಸಬಹುದಾದಷ್ಟು ಚಿಕ್ಕದು. ದೃಶ್ಯಗಳು ನೂರಾರು ಗಿಗಾಬೈಟ್ ತೂಗುತ್ತವೆ. ಲೆಕ್ಕವನ್ನಷ್ಟೇ ಬೇರೊಂದು ಕಂಪ್ಯೂಟರಿಗೆ ಒಯ್ದು ತೆರೆದರೆ ಟೈಮ್‌ಲೈನಿನ ಕಟ್‌ಗಳೆಲ್ಲ ಇದ್ದಲ್ಲೇ ಇರುತ್ತವೆ, ಚಿತ್ರ ಬರಬೇಕಾದ ಕಡೆ ಕೆಂಪು ಪರದೆಯ ಮೇಲೆ ‘ಮೀಡಿಯಾ ಆಫ್‌ಲೈನ್’ ಎಂದು ಬರೆದಿರುತ್ತದೆ. ಈ ಪೇಚು ಕಂಪ್ಯೂಟರಿಗಿಂತ ಹಳೆಯದು. ಲೆಕ್ಕವನ್ನೂ ದೃಶ್ಯವನ್ನೂ ಬೇರೆ ಬೇರೆ ಊರುಗಳಲ್ಲಿಟ್ಟು ಕೊನೆಗೆ ಒಂದುಗೂಡಿಸುವ ಪದ್ಧತಿ ಫಿಲ್ಮಿನ ಕಾಲದಲ್ಲೇ ಇತ್ತು, ಮತ್ತು ಆಗ ಅದು ಇಂದಿಗಿಂತ ಗಟ್ಟಿಯಾಗಿತ್ತು.

ಫಿಲ್ಮಿನ ಕಾಲದ ಎಡಿಟರ್ ಮೂಲ ನೆಗೆಟಿವನ್ನು ಮುಟ್ಟುತ್ತಿರಲಿಲ್ಲ. ಅದು ಲ್ಯಾಬಿನ ತಂಪು ಕೋಣೆಯಲ್ಲಿ ಡಬ್ಬಿಯೊಳಗೆ ಭದ್ರವಾಗಿರುತ್ತಿತ್ತು. ಅದರಿಂದ ತೆಗೆದ ರಶ್ ಪ್ರಿಂಟ್ ಎಡಿಟರ್ ಕೈಗೆ ಬರುತ್ತಿತ್ತು. ಮೂವಿಯೋಲಾ ಅಥವಾ ಸ್ಟೀನ್‌ಬೆಕ್ ಎಂಬ ಎಡಿಟಿಂಗ್ ಯಂತ್ರದ ಮೇಲೆ ಕತ್ತರಿ, ಟೇಪು, ಗೀರು ಎಲ್ಲವೂ ಅದರ ಪಾಲಿಗೆ. ಕನ್ನಡ ಚಿತ್ರರಂಗ ದಶಕಗಳ ಕಾಲ ಮದರಾಸಿನ ಸ್ಟುಡಿಯೋ ಮತ್ತು ಲ್ಯಾಬ್‌ಗಳನ್ನೇ ನೆಚ್ಚಿಕೊಂಡಿತ್ತು. ಕರ್ನಾಟಕದಲ್ಲಿ ಹೊರಾಂಗಣ ಚಿತ್ರೀಕರಣ ಮುಗಿಸಿದ ನೆಗೆಟಿವ್ ಕೂಡ ತೊಳೆಯಲು ಅಲ್ಲಿಗೇ ಹೋಗಬೇಕಿತ್ತು. ಸಾವಿರ ಅಡಿಯ ಒಂದು ರೀಲು ತೆರೆಯ ಮೇಲೆ ಓಡುವುದು ಸುಮಾರು 11 ನಿಮಿಷ. 14 ಸಾವಿರ ಅಡಿಯ ಚಿತ್ರವೆಂದರೆ ಎರಡೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಬಳಸದೆ ಬಿಟ್ಟ ಟೇಕ್‌ಗಳನ್ನೂ ಸೇರಿಸಿದರೆ ಕೋಣೆಯಲ್ಲಿ ಬಿದ್ದಿರುತ್ತಿದ್ದ ಫಿಲ್ಮು ಅದರ ಹಲವು ಪಟ್ಟು.

ಅಷ್ಟರಲ್ಲಿ ಒಂದೂ ತುಂಡು ಅನಾಥವಾಗದಂತೆ ಕಾದದ್ದು ಅಂಚಿನ ಅಂಕಿ. ಕಚ್ಚಾ ಫಿಲ್ಮ್ ತಯಾರಾಗುವಾಗಲೇ ರಂಧ್ರಗಳ ಆಚೆಗಿನ ಅಂಚಿನಲ್ಲಿ ಪ್ರತಿ ಅಡಿಗೊಂದರಂತೆ ಕ್ರಮಸಂಖ್ಯೆ ಅಚ್ಚಾಗಿರುತ್ತಿತ್ತು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್. ಹಾಗಾಗಿ ಒಂದು ಸಂಖ್ಯೆಯನ್ನೂ ಅದರಿಂದಾಚೆಗೆ ಎಷ್ಟನೆಯ ಫ್ರೇಮ್ ಎಂಬುದನ್ನೂ ಹೇಳಿದರೆ ಇಡೀ ಚಿತ್ರದ ಯಾವುದೇ ಫ್ರೇಮನ್ನು ಬೊಟ್ಟು ಮಾಡಿ ತೋರಿಸಬಹುದಿತ್ತು. ಪ್ರಿಂಟ್ ತೆಗೆಯುವಾಗ ಈ ಅಂಕಿಯೂ ದೃಶ್ಯದ ಜೊತೆಗೇ ಪ್ರಿಂಟಿಗೆ ಇಳಿಯುತ್ತಿತ್ತು. ಎಡಿಟಿಂಗ್ ಮುಗಿದ ಪ್ರಿಂಟ್ ಲ್ಯಾಬಿಗೆ ಬಂದ ಮೇಲೆ ನೆಗೆಟಿವ್ ಕಟ್ಟರ್ ಬಿಳಿ ಕೈಗವಸು ತೊಟ್ಟು ಕುಳಿತು, ಪ್ರಿಂಟಿನ ಅಂಕಿಗೆ ನೆಗೆಟಿವಿನ ಅಂಕಿ ತಾಳೆ ನೋಡಿ ಕತ್ತರಿಸುತ್ತಿದ್ದರು. ಪ್ರಿಂಟ್ ಹರಿದುಹೋದರೆ ಇನ್ನೊಂದು ತೆಗೆಸಬಹುದು. ನೆಗೆಟಿವಿಗೆ ತಪ್ಪಾಗಿ ಕತ್ತರಿ ಬಿದ್ದರೆ ಅಂಟಿನಿಂದ ಸೇರಿಸಬೇಕು, ಸೇರಿಸುವಾಗ ಪಕ್ಕದ ಫ್ರೇಮ್ ಹಾಳಾಗುತ್ತದೆ. ಧ್ವನಿ ಬೇರೆ ಪಟ್ಟಿಯಲ್ಲಿ ಇರುತ್ತಿದ್ದುದರಿಂದ ಚಿತ್ರ ಮತ್ತು ಧ್ವನಿಯನ್ನು ಒಮ್ಮೆ ಹೊಂದಿಸಿದ ಮೇಲೆ ಎರಡರ ಅಂಚಿಗೂ ಒಂದೇ ಸಂಖ್ಯೆಯನ್ನು ಶಾಯಿಯಲ್ಲಿ ಒತ್ತುವ ಯಂತ್ರಗಳೂ ಬಂದವು. 1990ರಲ್ಲಿ ಕೊಡಾಕ್ ಸಂಸ್ಥೆ ಅಂಚಿನ ಅಂಕಿಯ ಪಕ್ಕ ಬಾರ್‌ಕೋಡನ್ನೂ ಸೇರಿಸಿ ಅದನ್ನು ‘ಕೀಕೋಡ್’ ಎಂದು ಕರೆಯಿತು. ಅಂದಿನಿಂದ ಆ ಅಂಕಿಯನ್ನು ಯಂತ್ರವೂ ಓದಬಲ್ಲುದಾಯಿತು.

ಹೊಲದ ಸರ್ವೆ ನಂಬರಿನಂತೆ ಈ ಅಂಕಿ ವಸ್ತುವಿಗೇ ಅಂಟಿಕೊಂಡದ್ದು. ಡಬ್ಬಿ ಬದಲಾಗಲಿ, ಊರು ಬದಲಾಗಲಿ, ಅಂಕಿ ಬದಲಾಗುವುದಿಲ್ಲ. ಮುಂದೆ ಬಂದ ತಂತ್ರಜ್ಞಾನಗಳು ಈ ಒಂದು ಗುಣವನ್ನು ಎಷ್ಟು ಉಳಿಸಿಕೊಂಡವು, ಎಷ್ಟು ಕಳೆದುಕೊಂಡವು ಎಂಬುದೇ ಉಳಿದ ಇತಿಹಾಸ.

ವಿಡಿಯೊ ಟೇಪಿಗೆ ಅಂಚಿನ ಅಂಕಿ ಇರಲಿಲ್ಲ. 1956ರಲ್ಲಿ ಆಂಪೆಕ್ಸ್ ಹೊರತಂದ ಎರಡು ಇಂಚು ಅಗಲದ ಟೇಪನ್ನು ಬೆಳಕಿಗೆ ಹಿಡಿದರೆ ಕಂದು ಪಟ್ಟಿಯಲ್ಲದೆ ಏನೂ ಕಾಣದು. ಆರಂಭದಲ್ಲಿ ಅದನ್ನೂ ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಕಬ್ಬಿಣದ ನವಿರು ಪುಡಿ ಬೆರೆಸಿದ ದ್ರಾವಣ ಸವರಿ ಕಾಂತೀಯ ಗೆರೆಗಳನ್ನು ಭೂತಗನ್ನಡಿಯಲ್ಲಿ ಹುಡುಕಬೇಕಿತ್ತು. 1960ರ ದಶಕದ ಕೊನೆಯ ವೇಳೆಗೆ ಬಂದ ಟೈಮ್‌ಕೋಡ್ ಈ ಕುರುಡು ತೆಗೆಯಿತು. ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಂದು ನಾಲ್ಕು ಜೋಡಿ ಅಂಕಿಗಳು ಟೇಪಿನ ಮೇಲೆಯೇ ದಾಖಲಾದವು.

ಅಂಕಿ ಸಿಕ್ಕ ಕೂಡಲೇ ಲೆಕ್ಕ ದೃಶ್ಯದಿಂದ ಬೇರಾಗಿ ಪ್ರಯಾಣ ಹೊರಟಿತು. ಸಿಬಿಎಸ್ ಮತ್ತು ಮೆಮೊರೆಕ್ಸ್ ಸೇರಿ ಕಟ್ಟಿದ ಸಿಎಂಎಕ್ಸ್ ಸಂಸ್ಥೆ 1971ರಲ್ಲಿ ‘ಸಿಎಂಎಕ್ಸ್ 600’ ಎಂಬ ಯಂತ್ರ ತಂದಿತು. ವಾಷಿಂಗ್ ಮೆಷಿನ್ ಗಾತ್ರದ ಡಿಸ್ಕ್ ಡ್ರೈವ್‌ಗಳಲ್ಲಿ ಮಸುಕಾದ ಕಪ್ಪು-ಬಿಳುಪು ನಕಲನ್ನು ತುಂಬಿ, ಪರದೆಯ ಮೇಲೆ ಲೈಟ್ ಪೆನ್ ಇಟ್ಟು ಎಡಿಟ್ ಮಾಡುವ ವ್ಯವಸ್ಥೆ ಅದು. ಆ ಮಸುಕು ನಕಲು ಪ್ರಸಾರಕ್ಕೆ ಒದಗುತ್ತಿರಲಿಲ್ಲ. ಒದಗುತ್ತಿದ್ದುದು ಕೊನೆಗೆ ಅದು ಉಗುಳುತ್ತಿದ್ದ ತೂತು ಕೊರೆದ ಕಾಗದದ ಸುರುಳಿ. ಅದನ್ನು ಇನ್ನೊಂದು ಕೋಣೆಯ ಯಂತ್ರಕ್ಕೆ ಉಣಿಸಿದರೆ ಅದು ಮೂಲ ಟೇಪುಗಳಿಂದ ಅದೇ ಎಡಿಟನ್ನು ಮತ್ತೆ ಕಟ್ಟಿಕೊಡುತ್ತಿತ್ತು. ಒಂದು ಗಣಕದಲ್ಲಿ ಮಾಡಿದ ಸಂಕಲನ ಇನ್ನೊಂದಕ್ಕೆ ಹೀಗೆ ಜೇಬಿನಲ್ಲಿ ಹೋಗುವಂತಾಯಿತು.

ಈ ಲೆಕ್ಕಕ್ಕೆ ಇಡಿಎಲ್, ಅಂದರೆ ಎಡಿಟ್ ಡಿಸಿಷನ್ ಲಿಸ್ಟ್, ಎಂಬ ಹೆಸರು ನಿಂತಿತು. ಸಿಎಂಎಕ್ಸ್ 3600 ಮಾದರಿಯ ಇಡಿಎಲ್ ಇಂದಿಗೂ ಓಡಾಡುತ್ತಿದೆ. ಅದರ ಒಂದು ಸಾಲನ್ನು ಹತ್ತಿರದಿಂದ ನೋಡಬಹುದು: ಮೊದಲು 003 ಎಂಬ ಕ್ರಮಸಂಖ್ಯೆ, ನಂತರ ಟೇಪಿನ ಹೆಸರು, 12 ಎನ್ನೋಣ, ಚಿತ್ರವೆಂದು ಸೂಚಿಸುವ ‘ವಿ’, ನೇರ ಕಟ್ ಎಂದು ಸೂಚಿಸುವ ‘ಸಿ’, ಆಮೇಲೆ ನಾಲ್ಕು ಟೈಮ್‌ಕೋಡ್. ಮೂಲ ಟೇಪಿನಲ್ಲಿ 01:04:10:05ರಿಂದ 01:04:13:17ರವರೆಗೆ. ಸಿದ್ಧ ಟೇಪಿನಲ್ಲಿ 00:00:21:00ರಿಂದ 00:00:24:12ರವರೆಗೆ. ಎರಡೂ ಕಡೆ ಉದ್ದ 3 ಸೆಕೆಂಡ್ 12 ಫ್ರೇಮ್. ಅಷ್ಟೇ. ಒಂದು ಪಟ್ಟಿಯಲ್ಲಿ ಇಂಥ 999 ಸಾಲುಗಳಿಗೆ ಮಾತ್ರ ಜಾಗ, ಟೇಪಿನ ಹೆಸರಿಗೆ ಬೆರಳೆಣಿಕೆಯ ಅಕ್ಷರಗಳು. ಟೇಪಿಗೆ 12 ಎಂದು ಹೆಸರಿಡುತ್ತಿದ್ದವರಿಗೆ ಅದು ಧಾರಾಳ. ಮೂವತ್ತು ಅಕ್ಷರದ ಫೈಲ್ ಹೆಸರಿನ ಇಂದಿನ ಕಾಲದಲ್ಲಿ ಬಾಲ ಕತ್ತರಿಸಿಹೋಗಿ ಹತ್ತು ಫೈಲುಗಳಿಗೆ ಒಂದೇ ಹೆಸರು ಉಳಿಯುವುದುಂಟು.

1980ರ ದಶಕದಲ್ಲಿ ಪ್ರಯೋಗಗಳು ಹಲವು ನಡೆದವು. 1984ರ ‘ಮಾಂಟಾಜ್’ ಯಂತ್ರ ಒಂದೇ ದೃಶ್ಯಗಳ ನಕಲು ತುಂಬಿದ 17 ಬೀಟಾಮ್ಯಾಕ್ಸ್ ಡೆಕ್‌ಗಳನ್ನು ಒಟ್ಟಿಗೆ ಓಡಿಸುತ್ತಿತ್ತು; ಅದೇ ವರ್ಷ ಲ್ಯೂಕಾಸ್‌ಫಿಲ್ಮ್ ತೋರಿಸಿದ ‘ಎಡಿಟ್‌ಡ್ರಾಯ್ಡ್’ ಲೇಸರ್ ಡಿಸ್ಕ್‌ಗಳನ್ನು ನಂಬಿತ್ತು. ಎರಡೂ ಬಹುದಿನ ಬಾಳಲಿಲ್ಲ. 1989ರಲ್ಲಿ ಮ್ಯಾಕಿಂಟಾಷ್ ಮೇಲೆ ಬಂದ ಅವಿಡ್ ಎಂಬ ಎಡಿಟಿಂಗ್ ವ್ಯವಸ್ಥೆ ನಿಂತಿತು. ಆಗ ಹಾರ್ಡ್ ಡಿಸ್ಕ್ ಬಲು ದುಬಾರಿ. ದೃಶ್ಯಗಳನ್ನು ಒರಟಾಗಿ ಕುಗ್ಗಿಸಿ ತುಂಬಿ, ಕೆಲಸ ಮುಗಿದ ಮೇಲೆ ಅಳಿಸಿ, ಮುಂದಿನ ಕೆಲಸಕ್ಕೆ ಜಾಗ ಮಾಡಿಕೊಳ್ಳುವುದು ರೂಢಿ. ಫಿಲ್ಮಿನಿಂದ ಬಂದ ದೃಶ್ಯವಾದರೆ ಕೀಕೋಡ್ ಕೂಡ ಗಣಕಕ್ಕೆ ಹೋಗುತ್ತಿತ್ತು. ಕೊನೆಗೆ ನೆಗೆಟಿವ್ ಕಟ್ಟರ್‌ಗೆ ಬೇಕಾದ ಪಟ್ಟಿಯನ್ನು ಅದು ಅಚ್ಚುಹಾಕಿ ಕೊಡುತ್ತಿತ್ತು. ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರದ ಸಂಕಲನವನ್ನು ಫಿಲ್ಮಿನ ಮೇಲೆ ಶುರುಮಾಡಿದ ವಾಲ್ಟರ್ ಮರ್ಚ್ ನಡುವೆ ಅವಿಡ್‌ಗೆ ದಾಟಿದ್ದು, 1997ರಲ್ಲಿ ಆ ಚಿತ್ರಕ್ಕೆ ಸಂಕಲನದ ಆಸ್ಕರ್ ಬಂದದ್ದು ಫಿಲ್ಮಿಗೂ ಗಣಕಕ್ಕೂ ನಡುವಿನ ಈ ಸೇತುವೆ ಎಷ್ಟು ಭಾರ ತಾಳುತ್ತಿತ್ತೆಂಬುದಕ್ಕೆ ಸಾಕ್ಷಿ. ಗಣಕದಲ್ಲಿ ಎಡಿಟ್ ಆಗಿ ಆ ಪ್ರಶಸ್ತಿ ಪಡೆದ ಮೊದಲ ಚಿತ್ರ ಅದು.

ಟೇಪಿನ ಕಾಲದಲ್ಲಿ ಮೂಲ ದೃಶ್ಯ ಟೇಪಿನಲ್ಲೇ ಉಳಿಯುತ್ತಿದ್ದುದರಿಂದ ಡಿಸ್ಕ್ ಕೆಟ್ಟರೂ ಎದೆ ಒಡೆದುಕೊಳ್ಳಬೇಕಿರಲಿಲ್ಲ. 1999ರಲ್ಲಿ ಆಪಲ್ ಫೈನಲ್ ಕಟ್ ಪ್ರೊ ತಂದಾಗ ಮಿನಿ ಡಿವಿ ಟೇಪು, ಫೈರ್‌ವೈರ್ ಕೇಬಲ್, ಒಂದು ಸಾಧಾರಣ ಕಂಪ್ಯೂಟರ್ ಇದ್ದರೆ ಸಣ್ಣ ಊರಿನಲ್ಲೂ ಎಡಿಟಿಂಗ್ ನಡೆಸಬಹುದಾಯಿತು. ಒಂದು ಗಂಟೆಯ ಡಿವಿ ಸುಮಾರು 13 ಗಿಗಾಬೈಟ್. ಕಂಪ್ಯೂಟರ್ ಬದಲಿಸಬೇಕಾದರೆ ಪ್ರಾಜೆಕ್ಟ್ ಫೈಲನ್ನು ಸಿಡಿಗೆ ಹಾಕಿಕೊಂಡು, ಟೇಪುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರಾಯಿತು. ಹೊಸ ಕಂಪ್ಯೂಟರ್ ‘ಟೇಪ್ 4 ಹಾಕಿ’ ಎಂದು ಕೇಳುತ್ತದೆ. ಹಾಕಿದರೆ ಬೇಕಾದ ತುಣುಕುಗಳನ್ನು ಟೈಮ್‌ಕೋಡ್ ಹಿಡಿದು ತಾನೇ ಎಳೆದುಕೊಳ್ಳುತ್ತದೆ. ಟೇಪಿನ ಮೇಲೆ ಸಂಖ್ಯೆ ಬರೆಯದ ಸೋಮಾರಿಗೆ ಮಾತ್ರ ಕಷ್ಟ.

ಈ ಭದ್ರತೆ ಕಳಚಿದ್ದು ಕ್ಯಾಮೆರಾಗಳು ಟೇಪನ್ನು ಬಿಟ್ಟಾಗ. ಸೋನಿಯ ಎಕ್ಸ್‌ಡಿಕ್ಯಾಮ್ ಡಿಸ್ಕ್ 2003ರಲ್ಲಿ, ಪ್ಯಾನಸೋನಿಕ್‌ನ ಪಿ2 ಕಾರ್ಡ್ 2004ರಲ್ಲಿ ಬಂದವು. ಆಗ ಕಾರ್ಡ್ ದುಬಾರಿ, ತುಂಬಿದೊಡನೆ ಹಾರ್ಡ್ ಡಿಸ್ಕಿಗೆ ಸುರಿದು, ಒರಸಿ, ಮತ್ತೆ ಕ್ಯಾಮೆರಾಗೆ ಹಾಕಬೇಕಿತ್ತು. ಆ ಗಳಿಗೆಯಿಂದ ಹಾರ್ಡ್ ಡಿಸ್ಕಿನಲ್ಲಿರುವುದೇ ಮೂಲ, ಅದೇ ನೆಗೆಟಿವ್. ಎಡಿಟರ್ ಮುಟ್ಟಬಾರದೆಂದು ಲ್ಯಾಬಿನಲ್ಲಿ ಮುಚ್ಚಿಡುತ್ತಿದ್ದುದು ಈಗ ಎಡಿಟರ್ ಮೇಜಿನ ಮೇಲೇ ಬಂದು ಕುಳಿತಿತು. ಕಾರ್ಡಿನ ಒಳರಚನೆಯೂ ಮೋಸಗೊಳಿಸುತ್ತಿತ್ತು. ಪಿ2ನಲ್ಲಿ ಚಿತ್ರ ಒಂದು ಫೋಲ್ಡರ್, ಧ್ವನಿ ಇನ್ನೊಂದು, ವಿವರಗಳು ಮತ್ತೊಂದು. ‘ವಿಡಿಯೊ’ ಎಂಬುದನ್ನಷ್ಟೇ ನಕಲು ಮಾಡಿ ಕಾರ್ಡ್ ಒರಸಿದವರಿಗೆ ಮೂಕಿಚಿತ್ರ ಗತಿ.

ಫೈಲಿಗೆ ವಿಳಾಸವೇ ಗುರುತಾದದ್ದು ಇನ್ನೂ ದೊಡ್ಡ ಪಲ್ಲಟ. ಬಹುತೇಕ ತಂತ್ರಾಂಶಗಳು ಪ್ರಾಜೆಕ್ಟಿನಲ್ಲಿ ಬರೆದುಕೊಳ್ಳುವುದು ಫೈಲ್ ಇರುವ ದಾರಿಯನ್ನು: ಯಾವ ಡ್ರೈವ್, ಅದರೊಳಗೆ ಯಾವ ಫೋಲ್ಡರ್, ಅದರೊಳಗೆ ಯಾವ ಹೆಸರು. ಇದು ಬಾಡಿಗೆ ಮನೆಯ ವಿಳಾಸವಿದ್ದಂತೆ. ಒಂದು ವಿಂಡೋಸ್ ಕಂಪ್ಯೂಟರಿನಲ್ಲಿ ‘ಇ’ ಆಗಿದ್ದ ಡಿಸ್ಕ್ ಇನ್ನೊಂದರಲ್ಲಿ ‘ಎಫ್’ ಆಗುತ್ತದೆ. ಮ್ಯಾಕ್‌ಗೆ ಆ ಅಕ್ಷರಗಳೇ ಗೊತ್ತಿಲ್ಲ, ಅದು ಡಿಸ್ಕಿನ ಹೆಸರು ಕೇಳುತ್ತದೆ. ಕಳೆದದ್ದನ್ನು ಹುಡುಕಿ ಜೋಡಿಸುವ ‘ರೀಲಿಂಕ್’ ಸೌಲಭ್ಯ ಹುಟ್ಟಿದ್ದು ಇದಕ್ಕೇ. ಅಡೋಬಿ ಪ್ರೀಮಿಯರ್‌ನಲ್ಲಿ ಒಂದು ಫೈಲನ್ನು ತೋರಿಸಿಕೊಟ್ಟರೆ, ಫೋಲ್ಡರ್‌ಗಳ ಒಳವ್ಯವಸ್ಥೆ ಹಾಗೇ ಇದ್ದ ಪಕ್ಷದಲ್ಲಿ, ಉಳಿದವನ್ನು ಅದು ತಾನೇ ಕಂಡುಕೊಳ್ಳುತ್ತದೆ. ಆದರೆ ಹಲವು ಕ್ಯಾಮೆರಾಗಳು ಕಾರ್ಡ್ ಒರಸಿದಾಗೆಲ್ಲ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡುತ್ತವೆ. ಮದುವೆಯೊಂದನ್ನು ಚಿತ್ರೀಕರಿಸಿದರೆ ಮುಹೂರ್ತದ ಕಾರ್ಡಿನಲ್ಲೂ ಆರತಕ್ಷತೆಯ ಕಾರ್ಡಿನಲ್ಲೂ ‘ಸಿ0001’ ಇರುತ್ತದೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೊಂದು ಕೂತು ಮೊದಲನೆಯದು ಅಳಿಯಬಹುದು. ಬೇರೆ ಬೇರೆ ಇಟ್ಟೂ ರೀಲಿಂಕ್ ಮಾಡುವಾಗ ಎಚ್ಚರ ತಪ್ಪಿದರೆ ತಾಳಿ ಕಟ್ಟುವ ಹೊತ್ತಿಗೆ ಊಟದ ಪಂಕ್ತಿ ಬರುತ್ತದೆ. ಕೆಂಪು ಪರದೆಯಾದರೂ ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ.

ಅವಿಡ್ ಈ ವಿಷಯದಲ್ಲಿ ಹಳೆಯ ಅಂಚಿನ ಅಂಕಿಗೆ ನಿಷ್ಠವಾಗಿ ಉಳಿಯಿತು. ಅದು ತಾನು ತಯಾರಿಸಿದ ಪ್ರತಿ ಮೀಡಿಯಾ ಫೈಲಿನೊಳಗೆ ಇನ್ನೆಲ್ಲೂ ಪುನರಾವರ್ತನೆಯಾಗದ ಉದ್ದನೆಯ ಗುರುತುಸಂಖ್ಯೆ ಬರೆಯುತ್ತದೆ. ಪ್ರಾಜೆಕ್ಟ್ ಹುಡುಕುವುದು ಆ ಸಂಖ್ಯೆಯನ್ನು. ಫೈಲುಗಳೆಲ್ಲ ಡ್ರೈವಿನ ಮೊದಲ ಮಟ್ಟದಲ್ಲಿ ‘ಅವಿಡ್ ಮೀಡಿಯಾಫೈಲ್ಸ್’ ಎಂಬ ಫೋಲ್ಡರಿನಲ್ಲೇ ಇರಬೇಕು, ಅದರ ಹೆಸರು ಬದಲಿಸಕೂಡದು. ಇಷ್ಟು ಪಾಲಿಸಿದರೆ ಡ್ರೈವ್ ಯಾವ ಅಕ್ಷರ ಹೊತ್ತರೂ ದೃಶ್ಯ ಸಿಗುತ್ತದೆ. ಒಳಗಿನ ಸೂಚಿ ಫೈಲುಗಳು ಗೊಂದಲಗೊಂಡರೆ ಅವನ್ನು ಅಳಿಸಿಬಿಡುವುದೇ ಮದ್ದು. ಅವಿಡ್ ಹೊಸದಾಗಿ ಎಣಿಸಿಕೊಳ್ಳುತ್ತದೆ.

ಉಳಿದವರು ಕಂಡುಕೊಂಡ ಉಪಾಯ ಗಂಟು ಕಟ್ಟುವುದು. ಪ್ರೀಮಿಯರ್‌ನ ‘ಪ್ರಾಜೆಕ್ಟ್ ಮ್ಯಾನೇಜರ್’, ಹಳೆಯ ಫೈನಲ್ ಕಟ್‌ನ ‘ಮೀಡಿಯಾ ಮ್ಯಾನೇಜರ್’ ಮುಂತಾದವು ಬಳಕೆಯಾದ ದೃಶ್ಯಗಳನ್ನು ಒಂದೇ ಫೋಲ್ಡರಿಗೆ ಎತ್ತಿ, ಪ್ರಾಜೆಕ್ಟಿನ ಪ್ರತಿಯನ್ನೂ ಜೊತೆಗಿಡುತ್ತವೆ. ತಂತ್ರಾಂಶದಿಂದ ತಂತ್ರಾಂಶಕ್ಕೆ ದಾಟಲು ಅವಿಡ್ 1990ರ ದಶಕದಲ್ಲಿ ಓಎಂಎಫ್ ಎಂಬ ಫೈಲ್ ಮಾದರಿ ತಂದಿತು, ಅದರ ನಂತರ ಎಎಎಫ್ ಬಂತು. ಆಪಲ್ ಎಕ್ಸ್‌ಎಂಎಲ್ ಮಾರ್ಗ ಹಿಡಿಯಿತು. ಅದೇ ಆಪಲ್ 2011ರ ಜೂನ್‌ನಲ್ಲಿ ಹೊರತಂದ ಫೈನಲ್ ಕಟ್ ಪ್ರೊ ಎಕ್ಸ್, ಹಿಂದಿನ ಆವೃತ್ತಿಯ ಪ್ರಾಜೆಕ್ಟ್‌ಗಳನ್ನು ತೆರೆಯಲೇ ಒಪ್ಪಲಿಲ್ಲ. ದೃಶ್ಯಗಳೆಲ್ಲ ಭದ್ರವಾಗಿದ್ದೂ ಲೆಕ್ಕ ಅನಾಥವಾದ ಅಪರೂಪದ ಪ್ರಸಂಗ ಅದು.

ಕನ್ನಡದ ಎಡಿಟರುಗಳಿಗೆ ಇನ್ನೊಂದು ತಾಪತ್ರಯ ಹೆಚ್ಚಿಗೆಯೇ ಇತ್ತು: ಅಕ್ಷರ. ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸದ ತಂತ್ರಾಂಶಗಳಲ್ಲಿ ಶೀರ್ಷಿಕೆ ಬರೆಯಲು ನುಡಿ, ಬರಹದಂಥ ಹಳೆಯ ಮಾದರಿಯ ಫಾಂಟುಗಳೇ ಆಧಾರ. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಪ್ರಾಜೆಕ್ಟ್ ಹೋದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿರ್ಮಾಪಕರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮುದ್ದೆಯಾಗಿ ತೆರೆಯ ಮೇಲೆ ಬರುತ್ತದೆ. ಗಂಟು ಕಟ್ಟುವ ಸೌಲಭ್ಯಗಳು ಫಾಂಟನ್ನು ಸಾಮಾನ್ಯವಾಗಿ ಗಂಟಿಗೆ ಸೇರಿಸುವುದಿಲ್ಲ. ಶೀರ್ಷಿಕೆಯನ್ನು ಫೋಟೊಶಾಪ್‌ನಲ್ಲಿ ಬರೆದು ಚಿತ್ರವಾಗಿಸಿ ತರುವುದು ಇದರಿಂದ ಪಾರಾಗುವ ದಾರಿ. ಆಮೇಲೆ ಕಾಗುಣಿತ ತಪ್ಪಿದೆ ಎಂದು ಯಾರಾದರೂ ಹೇಳಿದರೆ ಮತ್ತೆ ಮೊದಲಿನಿಂದ.

ಡಿಸ್ಕಿನ ಮಿತಿಗಳೂ ಸೇರಿಕೊಂಡವು. ಎಫ್‌ಎಟಿ32 ಮಾದರಿಯ ಡಿಸ್ಕ್ 4 ಗಿಗಾಬೈಟ್‌ಗಿಂತ ದೊಡ್ಡ ಫೈಲನ್ನು ಹಿಡಿಯದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಎರಡಕ್ಕೂ ಒಗ್ಗುವ ಎಕ್ಸ್‌ಫ್ಯಾಟ್ ಹಾಗಾಗಿ ಓಡಾಟದ ಡಿಸ್ಕುಗಳ ಸಾಮಾನ್ಯ ಮಾದರಿಯಾಯಿತು. ನಕಲು ಮೂಲದಂತೆಯೇ ಇದೆಯೇ ಎಂದು ತಿಳಿಯಲು ಫೈಲಿನ ಪ್ರತಿ ಬೈಟನ್ನೂ ಲೆಕ್ಕಹಾಕಿ ಒಂದು ಚಿಕ್ಕ ಮೊತ್ತ ತೆಗೆದು ಎರಡೂ ಕಡೆ ತಾಳೆ ನೋಡುವ ಚೆಕ್‌ಸಮ್ ಪದ್ಧತಿ ಸಿನಿಮಾ ಸೆಟ್‌ಗಳಲ್ಲಿ ನೆಲೆಗೊಂಡಿತು. ನೆಗೆಟಿವ್ ಕಟ್ಟರ್ ಕೈಗವಸು ತೊಟ್ಟು ಮಾಡುತ್ತಿದ್ದ ಕೆಲಸಕ್ಕೆ ಇದು ದೂರದ ನಂಟು.

ದೃಶ್ಯದ ಗಾತ್ರ ಬೆಳೆದಂತೆ ರಶ್ ಪ್ರಿಂಟ್ ಕೂಡ ವೇಷ ಮರೆಸಿಕೊಂಡು ಮರಳಿದೆ. ಈಗ ಅದರ ಹೆಸರು ಪ್ರಾಕ್ಸಿ. ಮೂಲವನ್ನು ಸುರಕ್ಷಿತ ಜಾಗದಲ್ಲಿಟ್ಟು, ಅದೇ ಹೆಸರು, ಅದೇ ಟೈಮ್‌ಕೋಡಿನ ಹಗುರ ನಕಲನ್ನು ಎಡಿಟರ್‌ಗೆ ಕಳಿಸುತ್ತಾರೆ. ಮರಳಿ ಬರುವುದು ಪ್ರಾಜೆಕ್ಟ್ ಫೈಲ್ ಮಾತ್ರ. ಅಮೆರಿಕದ ಪಿಕ್ಸಾರ್ ಸಂಸ್ಥೆ ತನ್ನ ಕೆಲಸಕ್ಕೆಂದು ರೂಪಿಸಿ 2017ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ‘ಓಪನ್ ಟೈಮ್‌ಲೈನ್ ಐಒ’ ಲೆಕ್ಕ ಬರೆಯುವ ಹೊಸ ವಿಧಾನ. ಅದು ದೃಶ್ಯವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಎಲ್ಲಿದೆ ಎಂದು ಹೇಳುತ್ತದೆ ಅಷ್ಟೇ. ಎಲ್ಲಿದೆಯೆಂದು ಗೊತ್ತಿಲ್ಲದ ದೃಶ್ಯಕ್ಕೂ ಅದರಲ್ಲಿ ಒಂದು ನಮೂನೆ ಇದೆ. ‘ಮಿಸ್ಸಿಂಗ್ ರೆಫರೆನ್ಸ್’ ಎಂದು ಅದರ ಹೆಸರು.